ಆನ್ ಆಗದ ಲ್ಯಾಪ್‌ಟಾಪ್: ದೋಷಪತ್ತೆಯ ಕ್ರಮ

ಪವರ್ ಗುಂಡಿ ಒತ್ತಿದ ಮೇಲೂ ಬಳಕೆಗೆ ಸಿಗದ ಲ್ಯಾಪ್‌ಟಾಪಿನಲ್ಲಿ ಕೆಟ್ಟಿರುವುದು ಏನು, ಎಲ್ಲಿ ಎಂದು ಗುರುತಿಸುವ ವಿಧಾನ. ರಿಪೇರಿ ಅಂಗಡಿಗೆ ಈ ದೂರು ಮೂರು ರೂಪದಲ್ಲಿ ಬರುತ್ತದೆ: ‘ಡೆಡ್ ಆಗಿದೆ’, ‘ಡಿಸ್‌ಪ್ಲೇ ಬರ್ತಿಲ್ಲ’, ‘ವಿಂಡೋಸ್ ಓಪನ್ ಆಗ್ತಿಲ್ಲ’. ಮೊದಲನೆಯದು ಸಾಮಾನ್ಯವಾಗಿ ವಿದ್ಯುತ್ತಿನ ತೊಂದರೆ, ಎರಡನೆಯದು ರ‍್ಯಾಮ್ ಅಥವಾ ಪರದೆಯದು, ಮೂರನೆಯದು ಡಿಸ್ಕ್ ಇಲ್ಲವೆ ತಂತ್ರಾಂಶದ್ದು. ಮನೆಯಲ್ಲಿ ಮೂರಕ್ಕೂ ‘ಆನ್ ಆಗ್ತಿಲ್ಲ’ ಎಂದೇ ಹೇಳುವುದರಿಂದ ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡುವುದು ಹೆಚ್ಚು. ಚಾರ್ಜರ್ ಕೆಟ್ಟ ಯಂತ್ರಕ್ಕೆ ಹೊಸ ಮದರ್‌ಬೋರ್ಡ್ ಹಾಕಿಸಿದವರೂ, ರ‍್ಯಾಮ್ ಸಡಿಲವಾದ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಿ ಮಕ್ಕಳ ಫೋಟೊಗಳನ್ನೆಲ್ಲ ಕಳೆದುಕೊಂಡವರೂ ಇದ್ದಾರೆ. ಯಂತ್ರ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಏನು ಬದಲಿಸಬೇಕು ಎಂಬ ಪ್ರಶ್ನೆ ಆಮೇಲಿನದು.

ಗುಂಡಿ ಒತ್ತಿದ ಮೇಲೆ ನಡೆಯುವುದು

ಆಫ್ ಆಗಿರುವ ಲ್ಯಾಪ್‌ಟಾಪಿನಲ್ಲೂ ಒಂದು ಭಾಗ ಎಚ್ಚರವಾಗಿರುತ್ತದೆ. ಚಾರ್ಜರಿನಿಂದಲೋ ಬ್ಯಾಟರಿಯಿಂದಲೋ ಬಂದ ವಿದ್ಯುತ್ತನ್ನು ಮದರ್‌ಬೋರ್ಡ್ 3.3 ಮತ್ತು 5 ವೋಲ್ಟಿಗೆ ಇಳಿಸಿ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ಪನ್ನು ಚಾಲೂ ಇಟ್ಟಿರುತ್ತದೆ. ಕೀಬೋರ್ಡ್, ಫ್ಯಾನ್, ಚಾರ್ಜಿಂಗ್, ಮುಚ್ಚಳದ ಸೆನ್ಸರ್ ಇವೆಲ್ಲ ಇದರ ಉಸ್ತುವಾರಿಯಲ್ಲಿವೆ. ಗುಂಡಿ ಒತ್ತಿದ ಸುದ್ದಿ ಪ್ರೊಸೆಸರಿಗೆ ನೇರವಾಗಿ ಹೋಗುವುದಿಲ್ಲ, ಈ ಚಿಪ್ಪಿಗೆ ಹೋಗುತ್ತದೆ. ಆಗ ಚಿಪ್‌ಸೆಟ್, ರ‍್ಯಾಮ್, ಪ್ರೊಸೆಸರ್‌ಗಳಿಗೆ ಬೇಕಾದ ವೋಲ್ಟೇಜುಗಳು ಗೊತ್ತಾದ ಕ್ರಮದಲ್ಲಿ ಒಂದಾದ ಮೇಲೊಂದು ಏಳುತ್ತವೆ. ಇಟ್ಟಿಗೆ ಕೈಯಿಂದ ಕೈಗೆ ದಾಟಿ ಮಾಳಿಗೆ ಸೇರಿದ ಹಾಗೆ ಕೆಲಸ ಮುಂದೆ ಸಾಗುತ್ತದೆ; ನಡುವೆ ಒಂದು ಕೈ ತಪ್ಪಿದರೂ ಮುಂದಿನವರೆಲ್ಲ ಸುಮ್ಮನೆ ನಿಲ್ಲುತ್ತಾರೆ. ಎಲ್ಲ ವೋಲ್ಟೇಜೂ ಸರಿ ಇದೆ ಎಂಬ ಸಂಕೇತ ಬಂದ ಮೇಲೆಯೇ ಪ್ರೊಸೆಸರಿಗೆ ಓಡಲು ಅನುಮತಿ.

ಇಂಟೆಲ್ ಮಾದರಿಯ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು ಓದುವುದು 4 ಜಿಬಿ ಗಡಿಗೆ 16 ಬೈಟ್ ಕೆಳಗಿನ ವಿಳಾಸದಿಂದ. ಅಲ್ಲಿಂದ ಸಿಗುವುದು ಎಂಟು ಕಾಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್ಪಿನಲ್ಲಿರುವ ಫರ್ಮ್‌ವೇರ್. 1981ರ ಐಬಿಎಂ ಪಿಸಿಯಿಂದ ಇದನ್ನು ಬಯಾಸ್ ಎನ್ನುತ್ತ ಬಂದಿದ್ದೇವೆ. ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗಾಗಿ ರೂಪಿಸಿದ ಇಎಫ್‌ಐ ಮುಂದೆ ಯುಇಎಫ್‌ಐ ಆಯಿತು. ಅದನ್ನು ನೋಡಿಕೊಳ್ಳುವ ಒಕ್ಕೂಟ 2005ರಲ್ಲಿ ಹುಟ್ಟಿತು. ಈಗಿನ ಲ್ಯಾಪ್‌ಟಾಪುಗಳಲ್ಲಿರುವುದು ಯುಇಎಫ್‌ಐ, ಆದರೆ ಅಂಗಡಿಯ ಮಾತಿನಲ್ಲಿ ಅದು ಇಂದಿಗೂ ಬಯಾಸೇ. ಫರ್ಮ್‌ವೇರ್ ರ‍್ಯಾಮನ್ನು ಸಜ್ಜುಗೊಳಿಸುತ್ತದೆ, ಯಂತ್ರಾಂಶವನ್ನು ತಪಾಸಿಸುತ್ತದೆ, ಪರದೆಯನ್ನು ಎಬ್ಬಿಸಿ ಕಂಪನಿಯ ಲೋಗೊ ತೋರಿಸುತ್ತದೆ, ಬೂಟ್ ಮಾಡಬಲ್ಲ ಡಿಸ್ಕನ್ನು ಹುಡುಕಿ ಅಲ್ಲಿರುವ ಬೂಟ್‌ಲೋಡರಿಗೆ ಅಧಿಕಾರ ಒಪ್ಪಿಸುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಕಾಣಿಸಿಕೊಳ್ಳುವುದು ಇದಿಷ್ಟೂ ಮುಗಿದ ಮೇಲೆ. ಲೋಗೊ ಕಾಣಿಸಿತೆಂದರೆ ಚಾರ್ಜರ್, ಪ್ರೊಸೆಸರ್, ರ‍್ಯಾಮ್, ಪರದೆ ಬಹುಮಟ್ಟಿಗೆ ಪಾಸಾದಂತೆ. ದೋಷಪತ್ತೆಯಲ್ಲಿ ಇಷ್ಟು ಪುಕ್ಕಟೆಯಾಗಿ ಸಿಗುವ ಮಾಹಿತಿ ಇನ್ನೊಂದಿಲ್ಲ.

ದೀಪವೂ ಇಲ್ಲ, ಸದ್ದೂ ಇಲ್ಲ

ಪೂರ್ತಿ ಡೆಡ್ ಆದ ಯಂತ್ರದಲ್ಲಿ ಮೊದಲ ಅನುಮಾನ ಚಾರ್ಜರಿನ ಮೇಲೆ. ಗೋಡೆಯ 230 ವೋಲ್ಟ್ ಎಸಿಯನ್ನು ಅಡಾಪ್ಟರ್ ಸುಮಾರು 19ರಿಂದ 20 ವೋಲ್ಟ್ ಡಿಸಿಗೆ ಇಳಿಸುತ್ತದೆ. ಮಲ್ಟಿಮೀಟರ್ ಇದ್ದರೆ ಪಿನ್ನಿನಲ್ಲಿ ಆ ವೋಲ್ಟೇಜ್ ಇದೆಯೇ ನೋಡಬಹುದು, ಆದರೆ ಹೊರೆಯಿಲ್ಲದೆ 19 ತೋರಿಸಿ ಹೊರೆ ಬಿದ್ದೊಡನೆ ಕುಸಿಯುವ ಅಡಾಪ್ಟರುಗಳಿವೆ. ಅಷ್ಟೇ ವ್ಯಾಟಿನ, ಸರಿಯಿದೆಯೆಂದು ಗೊತ್ತಿರುವ ಇನ್ನೊಂದು ಚಾರ್ಜರ್ ಹಾಕಿ ನೋಡುವುದೇ ಹೆಚ್ಚು ಭರವಸೆಯ ಪರೀಕ್ಷೆ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಬೇಕೆಂಬುದನ್ನು ಹೇಳುವ ಅಗತ್ಯವಿರಬಾರದಿತ್ತು, ಆದರೆ ಇದೆ.

ಚಾರ್ಜರ್ ಸರಿಯಿದ್ದೂ ಯಂತ್ರ ಅದನ್ನು ಗುರುತಿಸದೆ ಹೋಗುವುದುಂಟು. ಡೆಲ್ ಕಂಪನಿಯ ದುಂಡು ಪಿನ್ನಿನ ಅಡಾಪ್ಟರುಗಳಲ್ಲಿ ನಡುವಿನ ಸೂಜಿಯಂಥ ಪಿನ್ ವಿದ್ಯುತ್ ಸಾಗಿಸುವುದಿಲ್ಲ, ಅಡಾಪ್ಟರಿನ ಗುರುತನ್ನು ಹೇಳುತ್ತದೆ. ಅದು ಬಾಗಿದರೆ ಅಥವಾ ಮುರಿದರೆ ಯಂತ್ರ ಓಡಿದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ವೇಗವೂ ತಗ್ಗುತ್ತದೆ. ಒಂದು ದಿನ ಬ್ಯಾಟರಿ ಬರಿದಾದಾಗ ‘ಲ್ಯಾಪ್‌ಟಾಪ್ ಸತ್ತಿತು’ ಎಂಬ ದೂರು ಬರುತ್ತದೆ.

ಯುಎಸ್‌ಬಿ-ಸಿ ಬಂದ ಮೇಲೆ ಈ ಗುರುತಿನ ಮಾತುಕತೆ ಇನ್ನೂ ಮುಖ್ಯವಾಗಿದೆ. ಇಲ್ಲಿ ಚಾರ್ಜರ್ ಮೊದಲು ಕೊಡುವುದು ಬರೀ 5 ವೋಲ್ಟ್. ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಪರಸ್ಪರ ಸಂದೇಶ ಕಳಿಸಿ ಒಪ್ಪಂದವಾದ ಮೇಲೆಯೇ ಅದು 9, 15, 20 ವೋಲ್ಟಿಗೆ ಏರುತ್ತದೆ. ಆ ಏರ್ಪಾಡಿನ ಮೊದಲಿನ ಮಿತಿ 100 ವ್ಯಾಟ್ ಇತ್ತು, 2021ರಲ್ಲಿ ಬಂದ ಪರಿಷ್ಕರಣೆಯಲ್ಲಿ 48 ವೋಲ್ಟ್, 240 ವ್ಯಾಟಿನವರೆಗೆ ಹೋಗಿದೆ. ಕೇಬಲಿನ ನಡುವೆ ಸಿಕ್ಕಿಸುವ ಸಣ್ಣ ಯುಎಸ್‌ಬಿ-ಸಿ ಮೀಟರಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಂಕಿ 5ರಿಂದ 20ಕ್ಕೆ ಜಿಗಿದು ಆಂಪಿಯರ್ ಏರಿದರೆ ಒಪ್ಪಂದ ಆಯಿತು. 5ರಲ್ಲೇ ನಿಂತರೆ ತಪ್ಪು ಕೇಬಲಿನಲ್ಲಿರಬಹುದು, ದುರ್ಬಲ ಚಾರ್ಜರಿನಲ್ಲಿರಬಹುದು, ಸಡಿಲ ಪೋರ್ಟಿನಲ್ಲಿರಬಹುದು. ಯಾವುದೂ ಅಲ್ಲವಾದರೆ ಆ ಮಾತುಕತೆ ನಡೆಸುವ ಬೋರ್ಡಿನ ಚಿಪ್ ಕೆಟ್ಟಿರುತ್ತದೆ. ಮೊಬೈಲ್ ಚಾರ್ಜರ್ ಸಿಕ್ಕಿಸಿ ‘ಪಿನ್ ಕೂರುತ್ತದೆ, ಆದರೂ ಆನ್ ಆಗುತ್ತಿಲ್ಲ’ ಎನ್ನುವವರ ಸಮಸ್ಯೆಯೂ ಇದೇ ಬಗೆಯದು: ಪಿನ್ ಒಂದೇ, ವ್ಯಾಟ್ ಸಾಲದು.

ಬ್ಯಾಟರಿಯ ಲಿಥಿಯಂ-ಅಯಾನ್ ಸೆಲ್ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ. ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟ ಲ್ಯಾಪ್‌ಟಾಪಿನಲ್ಲಿ ಅದು ಸುರಕ್ಷಿತ ಮಟ್ಟದ ಕೆಳಗೆ ಇಳಿದು, ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕವನ್ನೇ ಕಡಿದುಬಿಡುತ್ತದೆ. ಅಂಥ ಯಂತ್ರವನ್ನು ಚಾರ್ಜಿಗೆ ಹಾಕಿ ಸ್ವಲ್ಪ ಹೊತ್ತು ತಾಳ್ಮೆಯಿಂದ ಬಿಡಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡಲೇಬಾರದು. ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ದಾರಿ.

ಇಷ್ಟರಲ್ಲಿ ಎಲ್ಲ ಕೈಪಿಡಿಗಳೂ ಹೇಳುವ ಒಂದು ಉಪಾಯವನ್ನು ಮಾಡಿ ನೋಡಬೇಕು. ಚಾರ್ಜರ್ ತೆಗೆದು, ತೆಗೆಯಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯುವುದು. ನೋಡುವವರಿಗೆ ಇದು ಮಂತ್ರವಾದಿಯ ಕೆಲಸದಂತೆ ಕಂಡರೂ ಹಿಂದೆ ಕಾರಣವಿದೆ. ಸದಾ ಎಚ್ಚರವಾಗಿರುವ ಎಂಬೆಡೆಡ್ ಕಂಟ್ರೋಲರೂ ಒಂದು ಪುಟ್ಟ ಕಂಪ್ಯೂಟರೇ, ಅದೂ ಹ್ಯಾಂಗ್ ಆಗುತ್ತದೆ. ವಿದ್ಯುತ್ತಿನ ಉಳಿಕೆಯೆಲ್ಲ ಹರಿದು ಹೋದರೆ ಅದು ಹೊಸದಾಗಿ ಏಳುತ್ತದೆ. ಬ್ಯಾಟರಿ ಒಳಗೇ ಇರುವ ಕೆಲವು ಥಿಂಕ್‌ಪ್ಯಾಡುಗಳಲ್ಲಿ ಇದಕ್ಕಾಗಿಯೇ ತಳದಲ್ಲಿ ಸೂಜಿ ತೂರುವಷ್ಟು ಚಿಕ್ಕ ರಿಸೆಟ್ ರಂಧ್ರವಿದೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಈ ಹಂತದಲ್ಲಿ ಯಂತ್ರ ತಾನೇ ಬಾಯಿಬಿಡುವುದುಂಟು. ಮೊದಲ ಐಬಿಎಂ ಪಿಸಿಯಲ್ಲೇ ಒಂದು ಚಿಕ್ಕ ಬೀಪ್ ಎಂದರೆ ‘ಎಲ್ಲ ಸರಿ’ ಎಂದಿತ್ತು. ಮುಂದೆ ಬಯಾಸ್ ತಯಾರಕರು ತಮ್ಮ ತಮ್ಮ ಬೀಪ್ ಭಾಷೆ ಕಟ್ಟಿಕೊಂಡರು. ಪರಸ್ಪರ ಹೊಂದಾಣಿಕೆ ಏನೂ ಇಲ್ಲ. ಈಗ ಬೀಪಿನ ಜಾಗಕ್ಕೆ ದೀಪ ಬಂದಿದೆ. ಡೆಲ್‌ನ ಹಲವು ಮಾದರಿಗಳಲ್ಲಿ ದೀಪ ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ ಮಿನುಗಿದರೆ ರ‍್ಯಾಮ್ ಸಿಗುತ್ತಿಲ್ಲ ಎಂದರ್ಥ. ಎಚ್‌ಪಿ ಯಂತ್ರಗಳು ಕ್ಯಾಪ್ಸ್ ಲಾಕ್ ದೀಪವನ್ನು ಮಿನುಗಿಸುತ್ತವೆ. ಲೆನೊವೊದ ಕೆಲವು ಯಂತ್ರಗಳು ಒಂದು ರಾಗದ ತುಣುಕನ್ನೇ ನುಡಿಸುತ್ತವೆ, ಅದನ್ನು ಮೊಬೈಲ್ ಆ್ಯಪ್ ಕೇಳಿಸಿಕೊಂಡು ದೋಷದ ಸಂಖ್ಯೆ ಹೇಳುತ್ತದೆ. ಮಿನುಗುವ ದೀಪವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಎಣಿಕೆ ತಪ್ಪುವುದಿಲ್ಲ.

ಪರದೆ ಕಪ್ಪಾಗಿದೆ ಎಂದಮಾತ್ರಕ್ಕೆ ಚಿತ್ರ ಇಲ್ಲವೆಂದಲ್ಲ. ಕೋಣೆಯ ದೀಪ ಆರಿಸಿ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಮಸುಕಾಗಿ ಅಕ್ಷರ, ಐಕಾನ್ ಕಂಡರೆ ಎಲ್‌ಸಿಡಿ ಕೆಲಸ ಮಾಡುತ್ತಿದೆ, ಅದರ ಹಿಂದಿನ ಬೆಳಕು ಹೋಗಿದೆ. ಹೊರಗಿನ ಮಾನಿಟರಿಗೋ ಟಿವಿಗೋ ಎಚ್‌ಡಿಎಂಐ ಕೇಬಲ್ ಹಾಕಿದಾಗ ಅಲ್ಲಿ ಚಿತ್ರ ಬಂದರೆ ಬೋರ್ಡ್ ಬಚಾವ್. ತಪ್ಪು ಪರದೆಯಲ್ಲಿದೆ, ಇಲ್ಲವೆ ತಿರುಗಣಿಯೊಳಗೆ ಸಾಗುವ ಡಿಸ್‌ಪ್ಲೇ ಕೇಬಲಿನಲ್ಲಿದೆ. ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಮಡಚಿಕೊಳ್ಳುವ ಈ ಕೇಬಲ್ ವರ್ಷಗಳಲ್ಲಿ ಒಳಗೊಳಗೇ ಹರಿಯುತ್ತದೆ. ಮುಚ್ಚಳವನ್ನು ಒಂದು ಕೋನದಲ್ಲಿ ಹಿಡಿದಾಗ ಮಾತ್ರ ಚಿತ್ರ ಬರುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಆಯಸ್ಕಾಂತ ಮತ್ತು ಹಾಲ್ ಸೆನ್ಸರ್ ಇರುತ್ತವೆ. ಕೈಗಡಿಯಾರದ ಅಥವಾ ಮೊಬೈಲ್ ಕವರಿನ ಆಯಸ್ಕಾಂತ ಅದರ ಮೇಲೆ ಬಿದ್ದರೆ ಮುಚ್ಚಳ ತೆರೆದಿದ್ದರೂ ಪರದೆ ಆರಿಹೋಗುತ್ತದೆ.

ಎರಡು ಕಡೆಯೂ ಚಿತ್ರವಿಲ್ಲ ಎಂದಾದರೆ ರ‍್ಯಾಮ್ ನೋಡಬೇಕು. ಡಿಡಿಆರ್3 ಪಟ್ಟಿಯಲ್ಲಿ 204, ಡಿಡಿಆರ್4ರಲ್ಲಿ 260, ಡಿಡಿಆರ್5ರಲ್ಲಿ 262 ಸಂಪರ್ಕ ಬಿಂದುಗಳು. ಒಂದಕ್ಕೆ ಕಿಲುಬು ಹಿಡಿದರೂ, ಪಟ್ಟಿ ಒಂದಿಷ್ಟು ಓರೆಯಾದರೂ ಯಂತ್ರ ಮುಂದಕ್ಕೆ ಹೋಗದು. ಅಂಗಡಿಯ ಹುಡುಗ ರ‍್ಯಾಮ್ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ತಿಕ್ಕಿ, ಬ್ರಷ್ಷಿನಿಂದ ಧೂಳು ಕೊಡವಿ ಮತ್ತೆ ಕೂರಿಸುವುದು ಇದಕ್ಕೇ. ಕೆಲಸ ಐದು ನಿಮಿಷದ್ದು, ಯಶಸ್ಸು ಎಷ್ಟೋ ಸಲ ಪೂರ್ತಿ. ಬ್ಯಾಟರಿಯ ಸಂಪರ್ಕ ಬಿಡಿಸದೆ ಇದಕ್ಕೆ ಕೈಹಾಕಬಾರದು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿದರೆ ಕೆಟ್ಟದ್ದು ಪಟ್ಟಿಯೋ ಸ್ಲಾಟೋ ತಿಳಿಯುತ್ತದೆ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ ಈ ದಾರಿ ಮುಚ್ಚಿಹೋಗಿದೆ. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಯಂತ್ರ ಅದರ ವೇಗವನ್ನು ಪಳಗಿಸಿಕೊಳ್ಳಲು ಒಂದೆರಡು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು, ಡಿಡಿಆರ್5ರಲ್ಲಿ ವಿಶೇಷವಾಗಿ. ಆತುರದಲ್ಲಿ ಗುಂಡಿ ಒತ್ತಿ ಆರಿಸಿದರೆ ಅದೇ ಕೆಲಸ ಮೊದಲಿನಿಂದ ಶುರು.

ಬೋರ್ಡಿನ ಗಡಿಯಾರಕ್ಕೆ ಜೀವ ಕೊಡುವ 3 ವೋಲ್ಟಿನ ಸಿಆರ್2032 ಬಟನ್ ಸೆಲ್ ಮುಗಿದರೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಬಯಾಸ್ ಸೆಟಿಂಗ್ ಅಳಿಯುತ್ತದೆ. ಯಂತ್ರವೇ ಏಳದಿರುವುದಕ್ಕೆ ಅದು ಕಾರಣವಾಗುವುದು ಕಡಿಮೆ.

ಲೋಗೊ ಬಂದು ಅಲ್ಲೇ ನಿಂತಾಗ

‘ಬೂಟ್ ಡಿವೈಸ್ ಸಿಗಲಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಬಯಾಸ್ ಸೆಟಪ್ ತೆರೆದು ಡಿಸ್ಕಿನ ಹೆಸರು ಅಲ್ಲಿ ಇದೆಯೇ ನೋಡಬೇಕು. ಹೆಸರು ಇದ್ದರೆ ಬೂಟ್‌ಲೋಡರ್ ಕೆಟ್ಟಿದೆ, ಇಲ್ಲವೆ ಬೂಟ್ ಕ್ರಮ ಬದಲಾಗಿದೆ. ಮರೆತು ಬಿಟ್ಟ ಪೆನ್‌ಡ್ರೈವ್ ಕೂಡ ಈ ಆಟ ಆಡಿಸುತ್ತದೆ. ಹೆಸರೇ ಇಲ್ಲವೆಂದರೆ ಡಿಸ್ಕ್ ಸಡಿಲವಾಗಿದೆ ಅಥವಾ ಸತ್ತಿದೆ. ಡಿಸ್ಕ್ ಜೋಡಣೆಯ ವಿಧಾನವನ್ನು ಬಯಾಸಿನಲ್ಲಿ ಯಾರೋ ಬದಲಿಸಿದ್ದರೆ ಡಿಸ್ಕ್ ಚೆನ್ನಾಗಿದ್ದೂ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ‘ಟಿಕ್ ಟಿಕ್’ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡುವುದು ತಪ್ಪು. ಒಳಗಿನ ತಲೆ ತಟ್ಟೆಯನ್ನು ಗೀರುತ್ತಿರಬಹುದು, ಪ್ರತಿ ಪ್ರಯತ್ನವೂ ಇನ್ನಷ್ಟು ಕಡತಗಳನ್ನು ತಿನ್ನುತ್ತದೆ.

ವಿಂಡೋಸ್ ಸತತವಾಗಿ ಎರಡು ಸಲ ಏಳಲು ವಿಫಲವಾದರೆ ಮುಂದಿನ ಸಲ ತಾನೇ ರಿಕವರಿ ಪರದೆಗೆ ಹೋಗುತ್ತದೆ. ಸೇಫ್ ಮೋಡ್, ಸ್ಟಾರ್ಟಪ್ ರಿಪೇರಿ, ಈಚಿನ ಅಪ್‌ಡೇಟ್ ತೆಗೆಯುವುದು ಎಲ್ಲ ಅಲ್ಲಿವೆ. 2012ರ ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ‘ಶಟ್‌ಡೌನ್’ ಮಾಡಿದರೂ ಯಂತ್ರ ತನ್ನ ಒಳಸ್ಥಿತಿಯ ಒಂದು ಪ್ರತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. ಆ ಪ್ರತಿಯಲ್ಲೇ ತೊಡಕಿದ್ದರೆ ಎಷ್ಟು ಸಲ ಆರಿಸಿ ಹಚ್ಚಿದರೂ ಅದೇ ತೊಡಕು. ‘ರಿಸ್ಟಾರ್ಟ್’ ಮಾತ್ರ ಎಲ್ಲವನ್ನೂ ಹೊಸದಾಗಿ ಎಬ್ಬಿಸುತ್ತದೆ. ಮ್ಯಾಕ್‌ಗಳ ದಾರಿ ಬೇರೆ. 2020ರ ನಂತರದ ಆ್ಯಪಲ್ ಚಿಪ್ಪಿನ ಯಂತ್ರಗಳಲ್ಲಿ ಪವರ್ ಗುಂಡಿಯನ್ನು ಒತ್ತಿಯೇ ಹಿಡಿದರೆ ರಿಕವರಿ ತೆರೆಯುತ್ತದೆ. ಫರ್ಮ್‌ವೇರೇ ಕೆಟ್ಟಿದ್ದರೆ ಇನ್ನೊಂದು ಮ್ಯಾಕಿಗೆ ಕೇಬಲಿನಿಂದ ಜೋಡಿಸಿ ಅದನ್ನು ಮತ್ತೆ ತುಂಬಬೇಕು.

‘ವಿಂಡೋಸ್ ಹೊಸದಾಗಿ ಹಾಕಿಬಿಡೋಣ’ ಎಂಬ ಸಲಹೆ ಅಂಗಡಿಗಳಲ್ಲಿ ಬಹಳ ಬೇಗ ಬರುತ್ತದೆ. ಅದು ಅಂಗಡಿಯವನ ಸಮಯ ಉಳಿಸುತ್ತದೆ, ಗಿರಾಕಿಯ ಕಡತಗಳನ್ನಲ್ಲ. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿಯೋ, ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿಯೋ ಬೇಕಾದ್ದನ್ನು ಮೊದಲು ಎತ್ತಿಕೊಳ್ಳಬೇಕು. ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ಸರಾಗವಾಗಿ ಎದ್ದರೆ ಇನ್ನೊಂದು ಸಂಗತಿಯೂ ಇತ್ಯರ್ಥವಾಗುತ್ತದೆ: ಬೋರ್ಡ್, ರ‍್ಯಾಮ್ ಸರಿಯಿವೆ, ಜಗಳ ಡಿಸ್ಕಿನಲ್ಲಿ ಅಥವಾ ವಿಂಡೋಸಿನಲ್ಲಿ.

ತಂತ್ರಾಂಶವೇ ಯಂತ್ರವನ್ನು ಮಲಗಿಸಿದ ಪ್ರಸಂಗಗಳು

ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ 1998ರಲ್ಲಿ ಬರೆದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಜಗತ್ತಿನ ಹಲವೆಡೆ ಸ್ಫೋಟಿಸಿತು. ಡಿಸ್ಕಿನ ಆರಂಭದ ಭಾಗದಲ್ಲಿ ಸೊನ್ನೆ ತುಂಬಿದ್ದಲ್ಲದೆ, ಸಾಧ್ಯವಾದ ಯಂತ್ರಗಳಲ್ಲಿ ಬಯಾಸ್ ಚಿಪ್ಪನ್ನೇ ಅಳಿಸಿತು. ವೈರಸ್ ಎಂದರೆ ಕಡತ ಹಾಳುಮಾಡುವುದು ಎಂದುಕೊಂಡಿದ್ದವರಿಗೆ ಅದು ಯಂತ್ರವನ್ನೇ ಮೇಲೇಳದಂತೆ ಮಾಡಬಲ್ಲದೆಂದು ಗೊತ್ತಾಯಿತು. 2013ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪುಗಳು ಲಿನಕ್ಸ್ ಬೂಟ್ ಮಾಡಿದ್ದಷ್ಟಕ್ಕೇ ಶಾಶ್ವತವಾಗಿ ಮಲಗಿದವು. ತಪ್ಪಿನ ಬೇರು ಫರ್ಮ್‌ವೇರಿನಲ್ಲಿತ್ತು. 2017ರ ಡಿಸೆಂಬರಿನಲ್ಲಿ ಉಬುಂಟು 17.10ರ ಡೌನ್‌ಲೋಡನ್ನು ನಿಲ್ಲಿಸಬೇಕಾಯಿತು: ಅದರಲ್ಲಿದ್ದ ಇಂಟೆಲ್ ಎಸ್‌ಪಿಐ ಡ್ರೈವರ್ ಲೆನೊವೊ ಮತ್ತಿತರ ಲ್ಯಾಪ್‌ಟಾಪುಗಳ ಬಯಾಸನ್ನು ಸೆಟಿಂಗ್ ಉಳಿಸಲಾಗದ ಸ್ಥಿತಿಗೆ ತಂದಿತ್ತು.

ಈಚಿನ ದೊಡ್ಡ ಪ್ರಸಂಗ 2024ರ ಜುಲೈ 19ರ ಶುಕ್ರವಾರದ್ದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಕಳಿಸಿದ ಒಂದು ದೋಷಪೂರ್ಣ ಕಡತ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೂ ಮತ್ತೆ ಮತ್ತೆ ರಿಸ್ಟಾರ್ಟಿಗೂ ದೂಡಿತು. ಭಾರತದಲ್ಲಿ ಆಗ ಬೆಳಗಿನ ಒಂಬತ್ತೂವರೆ ದಾಟಿತ್ತು. ಸುಮಾರು 78 ನಿಮಿಷಗಳಲ್ಲಿ ಕಂಪನಿ ಕಡತವನ್ನು ಹಿಂದೆಗೆದುಕೊಂಡಿತಾದರೂ, ಆಗಲೇ ಬಿದ್ದ ಯಂತ್ರಗಳಿಗೆ ಆ ತಿದ್ದುಪಡಿ ತಲುಪಬೇಕಾದರೆ ಅವು ಮೊದಲು ಏಳಬೇಕಲ್ಲ! ಮೈಕ್ರೋಸಾಫ್ಟ್ ಅಂದಾಜಿನಲ್ಲಿ ಅವು 85 ಲಕ್ಷ. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರ ಸುಲಭದ್ದೇ, ಸೇಫ್ ಮೋಡಿನಲ್ಲಿ ಒಂದು ಕಡತ ಅಳಿಸುವುದು. ಆದರೆ ಅದನ್ನು ಬಹುಪಾಲು ಒಂದೊಂದು ಯಂತ್ರದ ಮುಂದೆ ಕೂತೇ ಮಾಡಬೇಕಿತ್ತು, ಮತ್ತು ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ್ದ ಕಡೆಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ 48 ಅಂಕಿಗಳ ಕೀಲಿ ಬೇಕಿತ್ತು. ದೊಡ್ಡ ಸಂಸ್ಥೆಗಳ ಐಟಿ ವಿಭಾಗಗಳು ದಿನಗಟ್ಟಲೆ ಮಾಡಿದ್ದು ಇದನ್ನೇ.

ನೀರು, ಸಿಡಿಲು

ಕಾಫಿಯೋ ನೀರೋ ಚೆಲ್ಲಿದ ಲ್ಯಾಪ್‌ಟಾಪನ್ನು ‘ಆನ್ ಆಗುತ್ತಾ ನೋಡೋಣ’ ಎಂದು ಪರೀಕ್ಷಿಸುವುದೇ ಅದನ್ನು ಕೊಲ್ಲುವ ವಿಧಾನ. ತೇವವಿದ್ದಾಗ ವಿದ್ಯುತ್ ಹರಿದರೆ ತಾಮ್ರದ ಗೆರೆಗಳು ಗಂಟೆಗಳಲ್ಲಿ ತಿಂದುಹೋಗುತ್ತವೆ. ಕೂಡಲೇ ಆರಿಸಿ, ಬ್ಯಾಟರಿ ಬಿಡಿಸಿ, ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಸಬೇಕು. ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರೆ ಕಾಫಿಯ ಸಕ್ಕರೆ ಬೋರ್ಡ್ ಬಿಟ್ಟು ಹೋಗುವುದಿಲ್ಲ. ಕರಾವಳಿಯ ಉಪ್ಪುಗಾಳಿ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಏಪ್ರಿಲ್-ಮೇ ತಿಂಗಳ ಸಿಡಿಲು ಮಳೆಯಲ್ಲಿ ಪೆಟ್ಟು ಚಾರ್ಜರಿನ ದಾರಿಯಲ್ಲೇ ಬರಬೇಕೆಂದಿಲ್ಲ, ಇಂಟರ್ನೆಟ್ಟಿನ ಲ್ಯಾನ್ ಕೇಬಲಿನಲ್ಲೂ ಬರುತ್ತದೆ.

ಬೋರ್ಡಿನ ರಿಪೇರಿ

ಮೇಲಿನ ಯಾವುದಕ್ಕೂ ಬಗ್ಗದ ಯಂತ್ರ ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಫಲಕದ ಅಂಗಡಿಗೆ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಇಂಥ ಕೆಲಸಕ್ಕೆ ಹೆಸರಾದವು. ಅಲ್ಲಿ ಚಾರ್ಜರಿನ ಬದಲು ಆಂಪಿಯರ್ ತೋರಿಸುವ ಡಿಸಿ ಸಪ್ಲೈ ಜೋಡಿಸುತ್ತಾರೆ. ಗುಂಡಿ ಒತ್ತುವ ಮೊದಲೇ ಕರೆಂಟ್ ಮಿತಿಗೆ ಏರಿ ನಿಂತರೆ ಮುಖ್ಯ ಲೈನ್ ಶಾರ್ಟ್. ಒತ್ತಿದರೂ ಅಂಕಿ ಅಲುಗದಿದ್ದರೆ 3.3 ಮತ್ತು 5 ವೋಲ್ಟಿನ ಲೈನುಗಳಿಂದ ಹುಡುಕಾಟ ಶುರು. ಸ್ವಲ್ಪ ಏರಿ, ಇಳಿದು, ಮತ್ತೆ ಏರುತ್ತಿದ್ದರೆ ಯಂತ್ರ ಎದ್ದು ಬೀಳುತ್ತಿದೆ. ಬಯಾಸ್ ಅಥವಾ ರ‍್ಯಾಮಿನ ಕಡೆ ನೋಡಬೇಕು. ಶಾರ್ಟ್ ಆದ ಲೈನಿಗೆ ಒಂದು ವೋಲ್ಟಿನಷ್ಟು ಮಾತ್ರ ಕೊಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ನೂರಾರು ಬಿಡಿಭಾಗಗಳ ನಡುವೆ ಬಿಸಿಯಾಗುವ ಒಂದೇ ಚುಕ್ಕೆ ಹೊಳೆಯುತ್ತದೆ. ಹಲವು ಸಲ ಅದು ಸಾಸಿವೆ ಗಾತ್ರದ ಒಂದು ಸಿರಾಮಿಕ್ ಕೆಪಾಸಿಟರ್. ‘ಬೋರ್ಡ್ ಹೋಗಿದೆ, ಬದಲಿಸಬೇಕು’ ಎಂಬ ತೀರ್ಪು ಕೊಡುವಾಗ ಎಷ್ಟೋ ಕಡೆ ಈ ಹುಡುಕಾಟ ನಡೆದೇ ಇರುವುದಿಲ್ಲ.

ಬಿಸಿಗಾಳಿ ಊದಿ ಗ್ರಾಫಿಕ್ಸ್ ಚಿಪ್ಪನ್ನು ‘ರಿಪೇರಿ’ ಮಾಡುವ ಪದ್ಧತಿ ಮಾತ್ರ ನಂಬಲರ್ಹವಲ್ಲ. 2008ರ ಜುಲೈಯಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಒಳಜೋಡಣೆಯ ಸಾಮಗ್ರಿ ದುರ್ಬಲವೆಂದು ಒಪ್ಪಿ, ಅದರ ಬಾಬ್ತು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಬಿರುಕು ಇದ್ದದ್ದು ಚಿಪ್ಪಿನ ಒಳಗೆ. ಹೊರಗಿನಿಂದ ಕಾಯಿಸಿದಾಗ ಕೆಲ ವಾರ ಸರಿಹೋದಂತೆ ಕಂಡು ಮತ್ತೆ ಕೈಕೊಡುತ್ತಿತ್ತು.

ಬೋರ್ಡ್ ಬದಲಿಸಲೇಬೇಕಾದಾಗ ಕಡತಗಳ ಪ್ರಶ್ನೆ ಮತ್ತೆ ಏಳುತ್ತದೆ. ಬಿಟ್‌ಲಾಕರಿನ ಕೀಲಿ ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿಕೊಂಡಿರುವುದರಿಂದ, ಹೊಸ ಬೋರ್ಡಿನಲ್ಲಿ ಅದೇ ಡಿಸ್ಕ್ 48 ಅಂಕಿಗಳನ್ನು ಕೇಳುತ್ತದೆ. ವೈಯಕ್ತಿಕ ಯಂತ್ರಗಳಲ್ಲಿ ಆ ಕೀಲಿ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಕಚೇರಿಯ ಯಂತ್ರವಾದರೆ ಐಟಿ ವಿಭಾಗದ ಬಳಿ. 2018ರಿಂದೀಚಿನ ಮ್ಯಾಕ್‌ಬುಕ್ ಪ್ರೊಗಳಲ್ಲಿ ಸಂಗ್ರಹದ ಚಿಪ್ಪುಗಳು ಬೋರ್ಡಿಗೇ ಬೆಸೆದಿದ್ದು, ಗೂಢಲಿಪಿಯ ಕೀಲಿಯೂ ಅಲ್ಲೇ ಇರುವುದರಿಂದ, ಬೋರ್ಡಿಗೆ ಜೀವ ಬರದೆ ಕಡತಗಳಿಗೆ ಬಿಡುಗಡೆಯಿಲ್ಲ. ಹೀಗಾಗಿ ಅಂಥ ಯಂತ್ರಗಳಲ್ಲಿ ಎಷ್ಟೋ ಬಾರಿ ಬೋರ್ಡನ್ನು ಸರಿಮಾಡುವುದು ಲ್ಯಾಪ್‌ಟಾಪ್ ಮತ್ತೆ ಬಳಸಲೆಂದಲ್ಲ, ಒಂದೇ ಒಂದು ಸಲ ಅದು ಎದ್ದು ಕಡತಗಳನ್ನು ಹೊರಗೆ ಕೊಡಲಿ ಎಂದು.